ರಿಸರ್ವ್ ಅಂದ್ರೆ ಯಾವ ರಿಸರ್ವ್?

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹಳೇ ಬೈಕಿನಲ್ಲಿ ಹೊರಟಿದ್ದೀರಿ ಅಂದ್ಕೊಳ್ಳಿ. ಹಂಗಳ ದಾಟಿ ಮೇಲುಕಾಮನಹಳ್ಳಿ ಹತ್ತಿರ ಬಂದಿದ್ದೀರಿ. ಮುಂದಿರೋದು ಬಂಡೀಪುರ ಟೈಗರ್ ರಿಸರ್ವ್. ಅಷ್ಟರಲ್ಲಿ ಗಾಡಿ ಎರಡು ಸಲ ಕೆಮ್ಮಿ ರಿಸರ್ವ್‌ಗೆ ಬರುತ್ತೆ. ಕಾಡೊಳಗೆ ಗಾಡಿ ನಿಂತರೆ ಕಷ್ಟ ಅಂತ ವಾಪಸ್ ತಿರುಗಿಸಿ ಗುಂಡ್ಲುಪೇಟೆಯ ಬಂಕಿಗೆ ಬರ್ತೀರಿ. ಪೆಟ್ರೋಲು ಹಾಕಿಸಿ ಕೊಡೋ ಐನೂರರ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಅಂತ ಇದೆ. ಪಕ್ಕದ ಟೀ ಅಂಗಡಿಯಲ್ಲಿ ಇಬ್ಬರು, ನಮ್ಮ ಎಂಪಿ ಕ್ಷೇತ್ರ ರಿಸರ್ವ್ ಅಲ್ವಾ, ಈ ಸಲ ಯಾರಿಗೆ ಟಿಕೆಟ್ಟು ಅಂತ ಮಾತಾಡ್ತಿದ್ದಾರೆ. ಇನ್ನೊಬ್ಬ ಫೋನಲ್ಲಿ ಬೆಂಗಳೂರು ಬಸ್ಸಿಗೆ ಸೀಟು ರಿಸರ್ವ್ ಮಾಡ್ತಿದ್ದಾನೆ.

ಅರ್ಧ ಗಂಟೆಯಲ್ಲಿ ಐದು ರಿಸರ್ವ್. ಯಾರಿಗೂ ಗೊಂದಲ ಆಗಲ್ಲ. ಹುಲಿ ರಿಸರ್ವ್ ಅಂದಾಗ ಯಾರೂ ಹುಲಿಗೆ ಬಸ್ಸಿನ ಸೀಟು ಹಿಡಿಯೋಕೆ ಹೋಗಲ್ಲ. ಇಂಗ್ಲಿಷ್ ಬರಲ್ಲ ಅಂತ ಹೇಳಿಕೊಳ್ಳೋ ನಮ್ಮೂರಿನ ಅಜ್ಜಿಗೂ ಇದರಲ್ಲಿ ಮೂರ್ನಾಲ್ಕು ಅರ್ಥ ಗೊತ್ತು.

ಇಂಗ್ಲಿಷ್ ಕಲಿಯೋರು ಹೆಚ್ಚು ಹೆದರೋದು ಒಂದೇ ಪದಕ್ಕಿರೋ ಹತ್ತಾರು ಅರ್ಥಗಳಿಗೆ. ಡಿಕ್ಷನರಿ ತೆಗೆದರೆ 1, 2, 3 ಅಂತ ಪಟ್ಟಿ. ಎಲ್ಲಾ ಬಾಯಿಪಾಠ ಮಾಡಬೇಕಾ ಅಂತ ಗುಂಡ್ಲುಪೇಟೆಯಲ್ಲಿ ನಾನು ತಿಂಗಳಿಗೆರಡು ಭಾನುವಾರ ಇಂಗ್ಲಿಷ್ ಹೇಳಿಕೊಡೋ ಹುಡುಗ ಹುಡುಗಿಯರು ಕೇಳ್ತಾರೆ. ಬೇಡ. ಈ ಸಲದ ಅಂಕಣಕ್ಕೆ ಅದಕ್ಕೇ ಈ ಪದ ಎತ್ತಿಕೊಂಡಿದ್ದೀನಿ. ಪಟ್ಟಿ ಬೇಡ ಅಂದಮೇಲೆ ಬೇರೆ ಏನು ಬೇಕು, ಅದು ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ಇದೊಂದು ಪದದಲ್ಲೇ ನೋಡಬಹುದು.

ಒಂದೇ ಟ್ಯಾಂಕು

ಮೊದಲು ಬೈಕಿನಿಂದಲೇ ಶುರು ಮಾಡೋಣ. ಕಾರ್ಬುರೇಟರ್ ಇದ್ದ ಕಾಲದ ಬೈಕುಗಳಲ್ಲಿ ಟ್ಯಾಂಕಿನ ಕೆಳಗೆ ಒಂದು ಚಿಕ್ಕ ತಿರುಪು ಇರ್ತಿತ್ತು. ಆನ್, ಆಫ್, ರಿಸರ್ವ್. ತುಂಬಾ ಜನ ರಿಸರ್ವ್‌ಗೆ ಅಂತ ಒಳಗೆ ಬೇರೆ ಟ್ಯಾಂಕ್ ಇದೆ ಅಂದ್ಕೊಂಡಿದ್ದಾರೆ. ಇಲ್ಲ. ಟ್ಯಾಂಕು ಒಂದೇ, ಪೆಟ್ರೋಲೂ ಅದೇ. ಒಳಗೆ ಪೆಟ್ರೋಲು ಎಳೆಯೋಕೆ ಎರಡು ದಾರಿ ಇರುತ್ತೆ, ಅಷ್ಟೆ. ‘ಆನ್’ ದಾರಿಯ ಕೊಳವೆ ಸ್ವಲ್ಪ ಎತ್ತರಕ್ಕಿದೆ. ಪೆಟ್ರೋಲು ಆ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಎಂಜಿನ್‌ಗೆ ಬರೋದು ನಿಲ್ಲುತ್ತೆ. ‘ರಿಸರ್ವ್’ ದಾರಿ ತಳದಲ್ಲಿದೆ. ತಿರುಪು ತಿರುಗಿಸಿದರೆ ತಳದಲ್ಲಿ ಉಳಿದಿದ್ದು ಹರಿಯುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು, ಅವುಗಳಲ್ಲಿ ತಿರುಪು ಹೋಯ್ತು. ಆದರೂ ಮೀಟರಿನ ಮುಳ್ಳು ಕೆಳಗಿಳಿದರೆ ನಾವು ಈಗಲೂ ‘ರಿಸರ್ವ್‌ಗೆ ಬಂತು’ ಅಂತಲೇ ಅನ್ನೋದು.

ಈ ಕೊಳವೆಯನ್ನ ತಲೆಯಲ್ಲಿಟ್ಟುಕೊಳ್ಳಿ. ರಿಸರ್ವ್ ಪದದ ಮೂಲ ಲ್ಯಾಟಿನ್ನಿನದು. ‘ರಿ’ ಅಂದ್ರೆ ಹಿಂದಕ್ಕೆ, ‘ಸರ್ವಾರೆ’ ಅಂದ್ರೆ ಕಾಪಾಡು, ಇಟ್ಟುಕೋ. ಎರಡೂ ಸೇರಿದರೆ ‘ಹಿಂದಕ್ಕೆ ಹಿಡಿದಿಡು’. ಇರೋದರಲ್ಲೇ ಒಂದಿಷ್ಟನ್ನ ಈಗಲೇ ಖರ್ಚಾಗದ ಹಾಗೆ ತಡೆದಿಡೋದು. ಪ್ರಿಸರ್ವ್, ಕನ್ಸರ್ವ್, ಅಬ್ಸರ್ವ್ ಎಲ್ಲಾ ಇದೇ ಮನೆಯವರು. ಕಬಿನಿಯಲ್ಲಿ ನೀರು ನಿಲ್ಲಿಸಿದ ಜಾಗಕ್ಕೆ ರಿಸರ್ವಾಯರ್ ಅನ್ನೋದೂ ಅದಕ್ಕೇ. ನಮ್ಮ ಆಫೀಸಿನ ‘ಸರ್ವರ್’ ಮಾತ್ರ ಬೇರೆ ಮನೆಯದು. ಅದು ಸೇವೆ ಮಾಡು ಅನ್ನೋ ಇನ್ನೊಂದು ಲ್ಯಾಟಿನ್ ಪದದಿಂದ ಬಂದಿದ್ದು. ‘ಡಿಸರ್ವ್’ ಕೂಡ ಆ ಬೇರೆ ಮನೆಯದೇ. ಕೇಳೋಕೆ ಪ್ರಾಸ ಇದೆ ಅಂತ ರಿಸರ್ವ್ ಮತ್ತು ಡಿಸರ್ವ್ ಎರಡನ್ನೂ ಎದುರುಬದುರು ನಿಲ್ಲಿಸಿ ವಾಟ್ಸ್ಆ್ಯಪ್‌ನಲ್ಲಿ ಜಗಳ ಆಡೋರಿಗೆ ಇದೊಂದು ಮಾಹಿತಿ ಇರಲಿ.

ಮೂರು ಪ್ರಶ್ನೆ

ಅರ್ಥಗಳ ಪಟ್ಟಿಯ ಬದಲು ಮೂರು ಪ್ರಶ್ನೆ ಇಟ್ಟುಕೊಳ್ಳಿ. ಏನನ್ನ ತಡೆದಿಟ್ಟಿದ್ದಾರೆ? ಯಾರಿಗೋಸ್ಕರ, ಅಥವಾ ಯಾವಾಗಕ್ಕೆ? ಯಾರ ಕೈಗೆ ಸಿಗದ ಹಾಗೆ?

ಬಸ್ ಸೀಟು ನೋಡಿ. ಆ್ಯಪ್ ಬರೋಕೆ ಮುಂಚೆ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆಯೋದೇ ರಿಸರ್ವೇಶನ್. ಏನನ್ನ? ಸೀಟನ್ನ. ಯಾರಿಗೆ? ಟವೆಲ್ ಹಾಕಿದವನಿಗೆ. ಯಾರ ಕೈಗೆ ಸಿಗದ ಹಾಗೆ? ಬಾಗಿಲಲ್ಲಿ ನೂಕಾಡ್ತಿರೋ ಉಳಿದ ಐವತ್ತು ಜನಕ್ಕೆ. ರಾಜಕಾರಣಿಗಳು ಮುಖ್ಯಮಂತ್ರಿ ಕುರ್ಚಿಗೆ ಟವೆಲ್ ಹಾಕಿದ್ದಾರೆ ಅಂತ ಟಿವಿಯವರು ಹೇಳೋದು ಇದೇ ಬಸ್ ಸ್ಟ್ಯಾಂಡಿನಿಂದ ಹೋದ ಮಾತು. ಚಾಮರಾಜನಗರದಿಂದ ಮೈಸೂರಿಗೆ ರೈಲಲ್ಲಿ ಹೋಗೋರು ಕೌಂಟರಿನಲ್ಲಿ ಸಾಮಾನ್ಯವಾಗಿ ತಗೊಳ್ಳೋದು ಅನ್‌ರಿಸರ್ವ್ಡ್ ಟಿಕೆಟ್. ಅಂದ್ರೆ ಯಾವ ಸೀಟೂ ಯಾರಿಗೂ ಅಂತ ಹಿಡಿದಿಟ್ಟಿಲ್ಲ, ಮೊದಲು ಹತ್ತಿದವರಿಗೆ ಸಿಕ್ಕಿತು.

ರಿಸರ್ವ್ ಬ್ಯಾಂಕ್ ಶುರುವಾಗಿದ್ದು 1935ರ ಏಪ್ರಿಲ್ 1ರಂದು. ದೇಶದ ಹಣದ ಭದ್ರತೆಗೆ ಚಿನ್ನ, ವಿದೇಶಿ ಹಣ ಇವನ್ನೆಲ್ಲ ತೆಗೆದಿಡೋ ಕೆಲಸ ಅದರದ್ದು. ನೀವು ಬ್ಯಾಂಕಲ್ಲಿ ಇಟ್ಟ ದುಡ್ಡಿನಲ್ಲಿ ಒಂದು ಪಾಲನ್ನ ನಿಮ್ಮ ಬ್ಯಾಂಕು ಸಾಲ ಕೊಡದೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. ಅದೇ ಕ್ಯಾಶ್ ರಿಸರ್ವ್ ರೇಶಿಯೋ. ಇಲ್ಲೂ ಬೈಕಿನ ಟ್ಯಾಂಕೇ: ಹಣ ಅದೇ, ಸ್ವಲ್ಪ ತಳದಲ್ಲಿ ಉಳಿದಿರಬೇಕು ಅಂತ ಕೊಳವೆ ಎತ್ತರಕ್ಕಿಟ್ಟಿದ್ದಾರೆ. ರಿಸರ್ವ್ ಬ್ಯಾಂಕಿನ ಲಾಂಛನದಲ್ಲಿರೋದು ಒಂದು ತಾಳೆಮರ, ಒಂದು ಹುಲಿ. ಹುಲಿಗಳನ್ನ ಉಳಿಸೋ ಪ್ರಾಜೆಕ್ಟ್ ಟೈಗರ್ ಶುರುವಾಗಿದ್ದೂ ಏಪ್ರಿಲ್ 1ರಂದೇ, 1973ರಲ್ಲಿ. ಮೊದಲ ಸುತ್ತಿನಲ್ಲಿ ಆರಿಸಿದ ಒಂಬತ್ತು ಟೈಗರ್ ರಿಸರ್ವ್‌ಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಕಾಡಿನ ವಿಷಯದಲ್ಲಿ ಮೂರನೇ ಪ್ರಶ್ನೆಗೆ ತೂಕ ಜಾಸ್ತಿ. ಬ್ರಿಟಿಷರ 1878ರ ಅರಣ್ಯ ಕಾಯ್ದೆ ಕಾಡನ್ನ ರಿಸರ್ವ್ಡ್, ಪ್ರೊಟೆಕ್ಟೆಡ್, ವಿಲೇಜ್ ಫಾರೆಸ್ಟ್ ಅಂತ ಮೂರು ಬಗೆ ಮಾಡಿತು. ಮೊದಲೆರಡರ ನಡುವಿನ ವ್ಯತ್ಯಾಸ ಹೀಗೆ ನೆನಪಿಡಬಹುದು: ಪ್ರೊಟೆಕ್ಟೆಡ್ ಕಾಡಿನಲ್ಲಿ ಬೇಡ ಅಂದಿದ್ದು ಬಿಟ್ಟು ಉಳಿದಿದ್ದೆಲ್ಲ ಮಾಡಬಹುದು. ರಿಸರ್ವ್ಡ್ ಕಾಡಿನಲ್ಲಿ ಮಾಡಬಹುದು ಅಂದಿದ್ದು ಬಿಟ್ಟು ಉಳಿದಿದ್ದೆಲ್ಲ ಬೇಡ. ದನ ಮೇಯಿಸೋದು, ಸೌದೆ ತರೋದು, ಜೇನು ಕೀಳೋದು ತಲೆಮಾರುಗಳಿಂದ ಮಾಡ್ತಿದ್ದವರಿಗೆ ಆ ಒಂದು ಪದ ಬಿದ್ದ ದಿನ ಎಷ್ಟು ಬದಲಾಗಿರಬೇಕು ನೋಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಆ ಕಾಡಿನ ಮೇಲಿನ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿದ್ದು 2011ರಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆಯಲ್ಲ, ಅದನ್ನೂ ಇದೇ ಕಣ್ಣಿನಿಂದ ನೋಡಬಹುದು. ಆ ಒಂಬತ್ತು ಗಂಟೆ ರಸ್ತೆಯನ್ನ ಪ್ರಾಣಿಗಳಿಗೆ ಅಂತ ಹಿಡಿದಿಟ್ಟಿದ್ದಾರೆ.

ಕೋರ್ಟಿನ ಸುದ್ದಿ ಓದೋರಿಗೆ ‘ತೀರ್ಪು ಕಾಯ್ದಿರಿಸಿದ ಸುಪ್ರೀಂ ಕೋರ್ಟ್’ ಅನ್ನೋ ಶೀರ್ಷಿಕೆ ಗೊತ್ತು. ಜಡ್ಜ್‌ಮೆಂಟ್ ರಿಸರ್ವ್ಡ್. ವಾದ ಮುಗೀತು, ತೀರ್ಪು ಇವತ್ತೇ ಹೇಳಲ್ಲ ಅಂತ. ಕಾವೇರಿ ಕೇಸಿನಲ್ಲಿ 2017ರ ಸೆಪ್ಟೆಂಬರ್ 20ರಂದು ತೀರ್ಪು ಕಾಯ್ದಿರಿಸಿ, ಹೇಳಿದ್ದು 2018ರ ಫೆಬ್ರವರಿ 16ರಂದು. ಸುಮಾರು ಐದು ತಿಂಗಳು ಎರಡು ರಾಜ್ಯದ ರೈತರು ಆ ಒಂದು ಪದದ ಮೇಲೆ ಕೂತಿದ್ದರು.

ನನ್ನ ಹಾಗೆ ಕೋಡ್ ಬರೆಯೋರಿಗೆ ಇನ್ನೊಂದಿದೆ: ರಿಸರ್ವ್ಡ್ ವರ್ಡ್. ಇಫ್, ಫಾರ್, ಕ್ಲಾಸ್ ಇಂಥ ಪದಗಳನ್ನ ಪ್ರೋಗ್ರಾಮಿಂಗ್ ಭಾಷೆ ತನಗೇ ಅಂತ ಇಟ್ಟುಕೊಂಡಿರುತ್ತೆ. ನಿಮ್ಮ ವೇರಿಯಬಲ್‌ಗೆ ಆ ಹೆಸರು ಇಡೋ ಹಾಗಿಲ್ಲ. ಜಾವಾದಲ್ಲಿ ‘ಗೋಟು’ ಅನ್ನೋದೂ ರಿಸರ್ವ್ಡ್, ಆದರೆ ಜಾವಾ ಅದನ್ನ ಯಾವ ಕೆಲಸಕ್ಕೂ ಬಳಸಲ್ಲ. ಟವೆಲ್ ಹಾಕಿ ಹತ್ತದೇ ಹೋದವರ ಸೀಟು ಅಂದ್ಕೊಳ್ಳಿ.

ಕನ್ನಡ ಹಂಚಿಕೊಂಡಿದ್ದು

ಇಂಗ್ಲಿಷಿನ ಈ ಒಂದು ಪದದ ಕೆಲಸವನ್ನ ಕನ್ನಡ ಹಲವು ಪದಗಳಿಗೆ ಹಂಚಿದೆ. ಸೀಟು, ತೀರ್ಪು, ಹಕ್ಕು ಇವಕ್ಕೆಲ್ಲ ‘ಕಾಯ್ದಿರಿಸು’. ಟೈಗರ್ ರಿಸರ್ವ್ ಆದರೆ ‘ಹುಲಿ ಸಂರಕ್ಷಿತ ಪ್ರದೇಶ’. ರಿಸರ್ವ್ಡ್ ಫಾರೆಸ್ಟ್ ಮಾತ್ರ ‘ಮೀಸಲು ಅರಣ್ಯ’. ಪೊಲೀಸ್ ಇಲಾಖೆಯ ಡಿಎಆರ್ ಅಂದ್ರೆ ‘ಜಿಲ್ಲಾ ಸಶಸ್ತ್ರ ಮೀಸಲು ಪಡೆ’. ಚುನಾವಣೆಯಲ್ಲಿ ‘ಮೀಸಲು ಕ್ಷೇತ್ರ’, ಕೆಲಸ ಮತ್ತು ಓದಿನಲ್ಲಿ ‘ಮೀಸಲಾತಿ’. ಬ್ಯಾಂಕಿನ ಹೆಸರು ಮಾತ್ರ ರಿಸರ್ವ್ ಬ್ಯಾಂಕ್ ಅಂತಲೇ ಉಳೀತು. ಬೈಕಿನ ರಿಸರ್ವ್‌ಗೆ ಕನ್ನಡ ಪದ ಹುಡುಕೋ ಗೋಜಿಗೆ ಯಾರೂ ಹೋಗಲಿಲ್ಲ.

ಮೀಸಲು ಅನ್ನೋದು ಸರ್ಕಾರ ಹುಟ್ಟುಹಾಕಿದ ಪದವಲ್ಲ, ಮನೆಯ ಪದ. ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟರೆ ಅದು ಮಾದಪ್ಪನಿಗೆ ಮೀಸಲು. ಎಷ್ಟೇ ಕಷ್ಟ ಬಂದರೂ ಆ ಗಂಟು ಬಿಚ್ಚಲ್ಲ. ಮೊದಲ ಫಸಲು ದೇವರಿಗೆ ಮೀಸಲು ಅಂದ್ರೆ ಅಲ್ಲಿವರೆಗೆ ಮನೆಯವರೂ ಬಾಯಿಗಿಡಲ್ಲ. ನಮ್ಮ ಕಡೆ ಈ ಪದದಲ್ಲಿ ಒಂದು ಗೌರವ ಇದೆ, ಮುಟ್ಟಬೇಡ ಅನ್ನೋ ಎಚ್ಚರಿಕೆಯೂ ಇದೆ.

ಅದೇ ಪದ ಮೀಸಲಾತಿ ಅಂತ ಆಗಿ ಆಫೀಸಿನ ಕ್ಯಾಂಟೀನಿಗೆ ಬಂದಾಗ ಆ ಗೌರವ ಎಲ್ಲಿ ಹೋಗುತ್ತೆ ಅಂತ ಅನುಭವಿಸಿದವರಿಗೆ ಗೊತ್ತು. ಇಲ್ಲಿಂದ ಮುಂದೆ ನಾನು ಹೇಳೋದು ಆ ಬಗ್ಗೆ.

ಅವನಿಗೆ ಕೇಳಿಸಿದ್ದು

ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಬೇಡ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯವನು, ಬಿಇ ಮುಗಿಸಿದ್ದ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಕೋಡಿಂಗ್ ಚೆನ್ನಾಗಿ ಬರುತ್ತೆ. ಇಂಗ್ಲಿಷ್ ಓದೋದು, ಬರೆಯೋದಕ್ಕೆ ಅಡ್ಡಿಯಿಲ್ಲ, ಮಾತು ಮಾತ್ರ ಕಡಿಮೆ. ಬೆಂಗಳೂರಿನ ಒಂದು ಕಂಪನಿಯ ಮೂರು ಸುತ್ತು ದಾಟಿ ಕೊನೆಯ ಸುತ್ತಿಗೆ ಬಂದಿದ್ದ. ವಿಡಿಯೋ ಕಾಲ್. ಎದುರಿಗೆ ಎಚ್‌ಆರ್‌ನ ಒಬ್ಬ ಮೇಡಂ. ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ಅವರು ಅಂದರಂತೆ: “ಟೆಕ್ನಿಕಲಿ ಯೂ ಆರ್ ಗುಡ್. ಬಟ್ ಯೂ ಸೀಮ್ ಎ ಬಿಟ್ ರಿಸರ್ವ್ಡ್.”

ಅವನು ಹೇಳಿದ: “ಯೆಸ್ ಮೇಡಂ. ಐ ಆ್ಯಮ್ ಎಸ್‌ಸಿ.”

ಆ ಕಡೆ ಮೌನ. ಮೇಡಂಗೂ ಏನು ಹೇಳಬೇಕು ಅಂತ ತೋಚಿಲ್ಲ. ‘ಓಕೆ’ ಅಂದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ರಾತ್ರಿ ಅವನು ನನಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು ಇದು: “ಅಣ್ಣ, ನನ್ ರೆಸ್ಯೂಮಲ್ಲಿ ಎಲ್ಲೂ ಬರ್ದಿಲ್ಲ. ಅವ್ರಿಗ ಹೆಂಗ ಗೊತ್ತಾಯ್ತು?”

ನನಗೆ ತಕ್ಷಣ ಮಾತು ಹೊರಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದೆ, ಅವರು ಜಾತಿ ಕೇಳಿಲ್ಲ ಕಣೋ, ಮನುಷ್ಯನ ಬಗ್ಗೆ ರಿಸರ್ವ್ಡ್ ಅಂದ್ರೆ ಜಾಸ್ತಿ ಮಾತಾಡದವನು, ಮನಸ್ಸಲ್ಲಿರೋದನ್ನ ಎಲ್ಲರ ಮುಂದೆ ಹರಡದವನು ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಂಗಾದ್ರ ನಾನು ಸುಮ್ಸುಮ್ನ ಹೇಳ್ಬುಟ್ನಾ?” ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, “ಹೇಳಿದ್ದೇನು ಸುಳ್ಳಲ್ವಲ್ಲ, ಬುಡಿ ಅಣ್ಣ” ಅಂದ. “ಆದ್ರ ಅದಾದ್ಮೇಲ ಅವ್ರು ಕೇಳಿದ್ದು ಒಂದೂ ನಂಗ ಕಿವಿಗೇ ಬೀಳ್ಲಿಲ್ಲ.”

ಆ ಕೆಲಸ ಅವನಿಗೆ ಸಿಗಲಿಲ್ಲ. ಎರಡು ತಿಂಗಳಾದ ಮೇಲೆ ಮೈಸೂರಿನಲ್ಲಿ ಬೇರೆ ಕೆಲಸ ಸಿಕ್ಕಿತು, ಈಗ ಅಲ್ಲೇ ಇದ್ದಾನೆ. ಈ ವಿಷಯ ಬರೀತೀನಿ ಅಂದಾಗ ‘ಬರೀರಿ, ಬ್ಯಾರೆಯವ್ರಿಗ ಆಗ್ದೆ ಇರ್ಲಿ’ ಅಂದಿದ್ದೂ ಅವನೇ.

ಮೊದಲು ಸಿಕ್ಕ ಅರ್ಥ

ಇಂಗ್ಲಿಷ್ ಬರದೇ ಹೀಗಾಯ್ತು ಅಂತ ನೀವು ಅಂದುಕೊಳ್ಳಬಹುದು. ನಾನು ಹಾಗೆ ಅಂದ್ಕೊಳ್ಳಲ್ಲ. ಅವನಿಗೆ ಟೈಗರ್ ರಿಸರ್ವ್ ಗೊತ್ತು, ಬೈಕಿನ ರಿಸರ್ವ್ ಗೊತ್ತು, ರಿಸರ್ವ್ಡ್ ವರ್ಡ್ ನನ್ನಷ್ಟೇ ಗೊತ್ತು. ಅರ್ಥಗಳ ಕೊರತೆ ಅವನಿಗೆ ಇರಲಿಲ್ಲ. ಇದ್ದ ಅರ್ಥಗಳಲ್ಲಿ ಒಂದು ಎಲ್ಲಕ್ಕಿಂತ ಮುಂದೆ ನಿಂತಿತ್ತು, ಅಷ್ಟೆ.

ಫೋನಿನ ಕೀಬೋರ್ಡು ನೋಡಿ. ಎರಡು ಅಕ್ಷರ ಒತ್ತಿದರೆ ಮೂರು ಪದ ತೋರಿಸುತ್ತೆ. ಯಾವ ಪದ? ನೀವು ಹೆಚ್ಚು ಸಲ ಬಳಸಿದ್ದು. ನನ್ನ ಫೋನೂ ನಿಮ್ಮ ಫೋನೂ ಒಂದೇ ಎರಡು ಅಕ್ಷರಕ್ಕೆ ಬೇರೆ ಬೇರೆ ಪದ ತೋರಿಸುತ್ತೆ. ತಲೆಯೂ ಹಾಗೆ ಕೆಲಸ ಮಾಡುತ್ತೆ. ಸ್ಕೂಲಿನ ಅರ್ಜಿಯಲ್ಲಿ ಜಾತಿ ಕಾಲಂ, ಹಾಸ್ಟೆಲಿನ ಅರ್ಜಿಯಲ್ಲಿ, ಸ್ಕಾಲರ್‌ಶಿಪ್ಪಿನಲ್ಲಿ, ಸಿಇಟಿ ಕೌನ್ಸೆಲಿಂಗಿನಲ್ಲಿ, ಕಾಲೇಜಿನಲ್ಲಿ ‘ನಿಂಗೇನಪ್ಪ, ರಿಸರ್ವೇಶನ್ನು’ ಅಂತ ನಕ್ಕು ಹೇಳಿದ ಗೆಳೆಯನ ಬಾಯಲ್ಲಿ. ಆರನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ಈ ಪದ ಅವನಿಗೆ ಇದೊಂದೇ ಅರ್ಥದಲ್ಲಿ ಎದುರಾಗಿದೆ, ಅದೂ ಅವನ ಕಡೆಗೇ ಬೆರಳು ತೋರಿಸಿ. ಆ ಮೇಡಂಗೆ ಪ್ರಾಯಶಃ ಕಥೆ ಪುಸ್ತಕದಲ್ಲಿ ಸಿಕ್ಕ ಪದ. ಪದ ಒಂದೇ ಆದರೂ ಅವರಿಬ್ಬರಿಗೂ ಅದು ಸಿಕ್ಕಿದ ಜಾಗ ಬೇರೆ.

ನಮ್ಮ ಜಿಲ್ಲೆಯಲ್ಲಂತೂ ಈ ಪದ ದಿನಾ ಕಿವಿಗೆ ಬೀಳುತ್ತೆ. ಚಾಮರಾಜನಗರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ವಿಧಾನಸಭೆಗೆ ಬಂದರೆ ಕೊಳ್ಳೇಗಾಲ ಮೀಸಲು, ಗುಂಡ್ಲುಪೇಟೆ ಸಾಮಾನ್ಯ. ಇದರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಮೀಸಲು ಕ್ಷೇತ್ರ ಅಂದ್ರೆ ಆ ಸಮುದಾಯದವರಷ್ಟೇ ವೋಟು ಹಾಕ್ತಾರೆ ಅಂತ ಹೊರಗಿನ ಗೆಳೆಯರು ನನ್ನನ್ನ ಕೇಳಿದ್ದುಂಟು. ಅಲ್ಲ. ಸಂವಿಧಾನದ 330ನೇ ವಿಧಿ ಹಿಡಿದಿಟ್ಟಿರೋದು ಅಭ್ಯರ್ಥಿಯ ಜಾಗವನ್ನ. ವೋಟು ಎಲ್ಲರದ್ದು.

ಈ ಮೀಸಲಿನ ಕಥೆ 1950ರ ಸಂವಿಧಾನಕ್ಕಿಂತ ಹಳೆಯದು, ಅದೂ ನಮ್ಮ ಹಳೇ ಮೈಸೂರು ಸಂಸ್ಥಾನದ್ದೇ. ಸರ್ಕಾರಿ ಕೆಲಸಗಳಲ್ಲಿ ಹೆಚ್ಚುಪಾಲು ಒಂದೇ ಸಮುದಾಯದವರಿದ್ದಾರೆ, ಉಳಿದವರಿಗೂ ಪಾಲು ಬೇಕು ಅನ್ನೋ ಒತ್ತಾಯ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಅದರ ಶಿಫಾರಸು 1921ರಲ್ಲಿ ಜಾರಿಗೆ ಬಂತು. ನಮ್ಮ ಮೂರು ಪ್ರಶ್ನೆ ಇಲ್ಲೂ ಕೇಳಿ. ಏನನ್ನ? ಕೆಲಸದ ಜಾಗಗಳನ್ನ. ಯಾರಿಗೆ? ಬಾಗಿಲವರೆಗೂ ಬರೋಕೆ ಆಗದಿದ್ದವರಿಗೆ. ಯಾರ ಕೈಗೆ ಸಿಗದ ಹಾಗೆ? ಆಗಲೇ ಬಸ್ಸು ತುಂಬ ಕೂತಿದ್ದವರಿಗೆ. ಬೈಕಿನ ಹಾಗೆ ಇಲ್ಲೂ ಟ್ಯಾಂಕು ಒಂದೇ, ಎಲ್ಲರದ್ದೂ.

ಮನುಷ್ಯ ರಿಸರ್ವ್ಡ್ ಅಂದರೆ

ಈಗ ಅದೇ ಮೂರು ಪ್ರಶ್ನೆಯನ್ನ ಮೇಡಂ ಹೇಳಿದ ಅರ್ಥಕ್ಕೆ ಹಾಕೋಣ. ಏನನ್ನ ತಡೆದಿಟ್ಟಿದ್ದಾನೆ? ಮಾತನ್ನ, ಮನಸ್ಸಲ್ಲಿರೋದನ್ನ. ಯಾರಿಗೆ? ಹತ್ತಿರದವರಿಗೆ. ಯಾರ ಕೈಗೆ ಸಿಗದ ಹಾಗೆ? ಹೊಸಬರ ಕೈಗೆ. ಸರಿಹೋಯ್ತಲ್ಲ?

‘ಶೈ’ ಬೇರೆ, ‘ರಿಸರ್ವ್ಡ್’ ಬೇರೆ ಅನ್ನೋದೂ ಗೊತ್ತಿರಲಿ. ಶೈ ಅಂದ್ರೆ ಮಾತಾಡೋಕೆ ಆಸೆ ಇದೆ, ಅಂಜಿಕೆ ಬಿಡಲ್ಲ. ರಿಸರ್ವ್ಡ್ ಅಂದ್ರೆ ಅಂಜಿಕೆ ಇರಬೇಕಂತಿಲ್ಲ, ಎಲ್ಲವನ್ನೂ ಎಲ್ಲರ ಮುಂದೆ ಹೇಳಿಕೊಳ್ಳೋ ಸ್ವಭಾವ ಅಲ್ಲ. ಇಂಗ್ಲಿಷಿನಲ್ಲಿ ಇದು ಬೈಗುಳವಲ್ಲ. ಆದರೆ ಇಂಟರ್‌ವ್ಯೂನಲ್ಲಿ ‘ಬಟ್’ ಆದಮೇಲೆ ಬಂದರೆ ಕೊರತೆ ಅಂತಲೇ ಅರ್ಥ. ನಮ್ಮ ಕಡೆ ದೊಡ್ಡವರ ಮುಂದೆ ಕೇಳಿದ್ದಕ್ಕಷ್ಟೇ ಉತ್ತರ ಹೇಳೋದು ಮರ್ಯಾದೆ. ಹಾಗೆ ಬೆಳೆದ ಹುಡುಗ ಮರ್ಯಾದೆಯಿಂದ ಕೂತಿದ್ದಾನೆ, ಎದುರಿನವರಿಗೆ ಅದು ಹಿಂಜರಿಕೆ ಥರ ಕಾಣುತ್ತೆ. ಇಂಟರ್‌ವ್ಯೂಗೆ ಹೋಗೋರಿಗೆ ನಾನು ಈಗ ಮೊದಲೇ ಹೇಳಿಬಿಡ್ತೀನಿ: ಅಲ್ಲಿ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಲದು. ಎರಡು ಸಾಲು ಉತ್ತರ, ಒಂದು ಉದಾಹರಣೆ.

ಅಕ್ಕಪಕ್ಕದ ಪದ ನೋಡಿ

ಒಂಟಿ ಪದ ನೋಡಿದರೆ ಅರ್ಥ ಸಿಗಲ್ಲ, ನೆರೆಹೊರೆ ನೋಡಬೇಕು. ರಿಸರ್ವ್ ಪದದ ನೆರೆಹೊರೆ ಹೀಗಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬಹುದು.

‘ರಿಸರ್ವ್ಡ್ ಫಾರ್’ ಅಂತ ಬಂದರೆ ಯಾರಿಗೋ, ಯಾವುದಕ್ಕೋ ಮೀಸಲು. ಹೋಟೆಲಿನ ಟೇಬಲ್ಲೂ ಆಗಬಹುದು, ಬಸ್ಸಿನ ಮಹಿಳೆಯರ ಸೀಟೂ ಆಗಬಹುದು.

‘ಸೀಮ್’, ‘ವೆರಿ’, ‘ಎ ಬಿಟ್’, ‘ಕ್ವೈಟ್’ ಇವುಗಳ ಪಕ್ಕ ರಿಸರ್ವ್ಡ್ ಬಂದರೆ ಅದು ಸ್ವಭಾವ. ಯಾಕೆ ಅಂದ್ರೆ ಮೀಸಲಾತಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ‘ಸ್ವಲ್ಪ ಮೀಸಲು’ ಅಂತ ಇರಲ್ಲ. ಸ್ವಭಾವಕ್ಕೆ ಮಾತ್ರ ಸ್ವಲ್ಪ, ಜಾಸ್ತಿ ಅನ್ನೋ ಅಳತೆ ಇದೆ. ಈ ಒಂದು ಸುಳಿವು ಆ ದಿನ ಅವನಿಗೆ ಸಾಕಾಗಿತ್ತು.

‘ಐ ಹ್ಯಾವ್ ಎ ರಿಸರ್ವೇಶನ್’ ಅಂತ ಹೋಟೆಲ್ ಕೌಂಟರಿನಲ್ಲಿ ಹೇಳಿದರೆ ರೂಮು ಬುಕ್ ಆಗಿದೆ ಅಂತ. ‘ಐ ಹ್ಯಾವ್ ಸಮ್ ರಿಸರ್ವೇಶನ್ಸ್ ಅಬೌಟ್ ದಿಸ್’ ಅಂತ ಮ್ಯಾನೇಜರ್ ಮೇಲ್ ಕಳಿಸಿದರೆ ಅವರಿಗೆ ನಿಮ್ಮ ಪ್ಲಾನ್ ಮೇಲೆ ಪೂರ್ತಿ ನಂಬಿಕೆ ಇಲ್ಲ ಅಂತ. ಒಪ್ಪಿಗೆಯ ಒಂದು ಪಾಲನ್ನ ತಡೆದಿಟ್ಟುಕೊಂಡಿದ್ದಾರೆ. ಕೊನೆಯ ‘ಸ್’ ಮತ್ತು ‘ಅಬೌಟ್’ ಎರಡರ ಮೇಲೆ ಕಣ್ಣಿರಲಿ. ಹಾಗೇ ‘ವಿದೌಟ್ ರಿಸರ್ವೇಶನ್’ ಅಂದ್ರೆ ಯಾವ ಅನುಮಾನವೂ ಇಲ್ಲದೆ, ಪೂರ್ತಿ ಮನಸ್ಸಿನಿಂದ. ಅದಕ್ಕೂ ರೈಲು ಟಿಕೆಟ್ಟಿಗೂ ಸಂಬಂಧ ಇಲ್ಲ.

‘ರಿಸರ್ವ್ ದ ರೈಟ್ ಟು’ ಅನ್ನೋದು ಒಪ್ಪಂದಗಳಲ್ಲಿ ಬರುತ್ತೆ. ಈಗ ಮಾಡಲ್ಲ, ಬೇಕಾದಾಗ ಮಾಡೋ ಹಕ್ಕು ನಮ್ಮ ಹತ್ತಿರ ಇರುತ್ತೆ ಅಂತ. ಆಫರ್ ಲೆಟರಿನಲ್ಲಿ ಈ ಸಾಲು ಕಂಡರೆ ಅದರ ಮುಂದೆ ಏನಿದೆ ಅಂತ ಎರಡು ಸಲ ಓದಿ. ನಿಮ್ಮನ್ನ ಬೇರೆ ಊರಿಗೆ ಹಾಕೋ ವಿಷಯ ಅಲ್ಲೇ ಇರಬಹುದು.

‘ಇನ್ ರಿಸರ್ವ್’ ಅಂದ್ರೆ ಬೇಕಾದಾಗ ಬಳಸೋಕೆ ಎತ್ತಿಟ್ಟಿರೋದು. ಬೈಕಿನ ಪೆಟ್ರೋಲು, ತಂಡದ ಹೆಚ್ಚುವರಿ ಆಟಗಾರ, ಅಮ್ಮನ ಸಾಸಿವೆ ಡಬ್ಬಿಯ ದುಡ್ಡು.

ಅಮೆರಿಕದಲ್ಲಿರೋರಿಗೆ ಇನ್ನೊಂದು. ಅಲ್ಲಿ ‘ಇಂಡಿಯನ್ ರಿಸರ್ವೇಶನ್’ ಅಂದ್ರೆ ನಮ್ಮ ದೇಶದ ಮೀಸಲಾತಿ ಅಲ್ಲ. ಅಲ್ಲಿನ ಮೂಲನಿವಾಸಿಗಳಿಗೆ ಅಂತ ಗುರುತಿಸಿದ ಭೂಪ್ರದೇಶ. ನಮ್ಮ ಮೀಸಲಾತಿ ಬಗ್ಗೆ ಹುಡುಕಿದಾಗ ಫೋನು ಬೇರೆಯದೇ ಪುಟ ತೋರಿಸಿದರೆ ಕಾರಣ ಇದು.

ಕೇಳಬೇಕಾದ ಒಂದು ಸಾಲು

ಇಷ್ಟೆಲ್ಲ ಗೊತ್ತಿದ್ದೂ ಒಂದು ದಿನ ಯಾವುದೋ ಪದ ನಿಮ್ಮನ್ನ ಕಟ್ಟಿಹಾಕುತ್ತೆ. ಅವತ್ತಿಗೆ ಅಂತ ಒಂದು ಸಾಲು ಬಾಯಲ್ಲಿ ಸಿದ್ಧ ಇರಲಿ: “ಸಾರಿ, ವಾಟ್ ಡು ಯೂ ಮೀನ್ ಬೈ ದಟ್?” ಇದನ್ನ ಕನ್ನಡಿ ಮುಂದೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ಕೇಳಿದರೆ ದಡ್ಡ ಅಂದ್ಕೋತಾರೆ ಅನ್ನೋ ಭಯ ಬೇಡ. ನಾನಿರೋ ಟೀಮಿನಲ್ಲಿ ಲಂಡನ್‌ನಲ್ಲಿ ಹುಟ್ಟಿ ಬೆಳೆದವರೂ ಇದ್ದಾರೆ, ಮೀಟಿಂಗಿನಲ್ಲಿ ಈ ಸಾಲನ್ನ ಅತಿ ಹೆಚ್ಚು ಸಲ ಬಳಸೋದು ಅವರೇ.

ಇನ್ನೊಂದು ಮಾತು ಈಗಾಗಲೇ ಸರಾಗವಾಗಿ ಇಂಗ್ಲಿಷ್ ಮಾತಾಡೋರಿಗೆ. ನಿಮ್ಮಲ್ಲಿ ಕೆಲವರು ಈಗ ಇಂಟರ್‌ವ್ಯೂ ತಗೊಳ್ಳೋ ಕಡೆ ಕೂತಿದ್ದೀರಿ. ಎದುರಿನ ಹುಡುಗಿ, ಹುಡುಗ ಕಡಿಮೆ ಮಾತಾಡ್ತಿದ್ದರೆ ‘ರಿಸರ್ವ್ಡ್’ ಅನ್ನೋ ಬದಲು ‘ಕ್ವಯಟ್’ ಅನ್ನಿ. ಅದಕ್ಕಿಂತ ಒಳ್ಳೇದು, ‘ಟೆಲ್ ಮಿ ಮೋರ್’ ಅಂತ ಕೇಳಿ. ಉತ್ತರ ಯಾಕೋ ದಾರಿ ತಪ್ಪಿ ಬಂತು ಅನ್ನಿಸಿದರೆ ‘ಓಕೆ’ ಅಂತ ಮುಂದೆ ಹೋಗಬೇಡಿ. ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ ಅಂತ ಒಂದೇ ವಾಕ್ಯದಲ್ಲಿ ಹೇಳಿ. ಐದು ಸೆಕೆಂಡಿನ ಕೆಲಸ. ಆ ಐದು ಸೆಕೆಂಡು ಸಿಕ್ಕಿದ್ದರೆ ಉಳಿದ ಪ್ರಶ್ನೆಗಳು ನಮ್ಮ ಹುಡುಗನ ಕಿವಿಗೆ ಬೀಳ್ತಿದ್ದವು.

ಈ ವಾರ ನಿಮ್ಮ ಕಣ್ಣಿಗೆ ಬೀಳೋ ರಿಸರ್ವ್‌ಗಳನ್ನ ಎಣಿಸಿ ನೋಡಿ, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ. ಮೂರಕ್ಕೂ ಉತ್ತರ ಬಂದರೆ ಆ ಅರ್ಥ ನಿಮ್ಮದಾಯ್ತು, ಡಿಕ್ಷನರಿ ಬೇಡ. ಮುಂದಿನ ಸಲ ‘ಚಾರ್ಜ್’ ಪದ ನೋಡೋಣ. ಫೋನಿಗೂ ಅದೇ, ಲಾಠಿಗೂ ಅದೇ, ಜಿಲ್ಲಾ ಉಸ್ತುವಾರಿ ಮಂತ್ರಿಗೂ ಅದೇ.